ಸೇನಾ ಗುಪ್ತಚರ ಅಧಿಕಾರಿಗೆ ರಕ್ಷಣಾ ಸಚಿವಾಲಯದ ಬಾಗಿಲು ತೆರೆಯುತ್ತದೆಯೇ?

ಪ್ರಶ್ನೆ: ನಮ್ಮದು ಮೂಲತಃ ಧಾರವಾಡ. ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಪುಣೆಯಲ್ಲೇ ಮನೆ ಮಾಡಿಕೊಂಡಿದ್ದೇನೆ. ಮಗ ಖಡಕ್‌ವಾಸಲಾದ ಎನ್‌ಡಿಎಯಲ್ಲಿ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ತರಬೇತಿ ಮುಗಿಸಿ ಪರ್ಮನೆಂಟ್ ಕಮಿಷನ್ (ನಿವೃತ್ತಿಯವರೆಗಿನ ಕಾಯಂ ಅಧಿಕಾರಿ ಹುದ್ದೆ) ಪಡೆದವನು. ಈಗ ಸೇನೆಯ ಇಂಟೆಲಿಜೆನ್ಸ್ ಕೋರ್‌ನಲ್ಲಿ ಮೇಜರ್. ವಯಸ್ಸು 31, ಸೇವೆ 9 ವರ್ಷ ದಾಟಿದೆ. ಅಮೆರಿಕದಲ್ಲಿ ಸೇನಾ ಗುಪ್ತಚರ ಅಧಿಕಾರಿಯಾಗಿದ್ದವರೊಬ್ಬರು ಮುಂದೆ ರಕ್ಷಣಾ ಇಲಾಖೆಯ ಹಿರಿಯ ನಾಗರಿಕ ಹುದ್ದೆಗೆ ಏರಿದ್ದನ್ನು ಓದಿದಾಗಿನಿಂದ ಅವನಿಗೆ ಅದೇ ಗುಂಗು. ಸಮವಸ್ತ್ರ ಬಿಟ್ಟು ದೆಹಲಿಯ ರಕ್ಷಣಾ ಸಚಿವಾಲಯದಲ್ಲಿ ನೀತಿ ರೂಪಿಸುವ ಕೆಲಸಕ್ಕೆ ಹೋಗಬೇಕೆನ್ನುತ್ತಾನೆ. ಹತ್ತು ವರ್ಷ ಸೇನೆಯಲ್ಲಿದ್ದವರಿಗೆ ಐಎಎಸ್‌ನಲ್ಲಿ ಕೋಟಾ ಇದೆ ಎಂದು ನನ್ನ ಭಾವಮೈದುನ ಹೇಳುತ್ತಾರೆ. ಇಲ್ಲಿಯ ಒಂದು ಸಂಸ್ಥೆ ಲ್ಯಾಟರಲ್ ಎಂಟ್ರಿ (ಹೊರಗಿನವರನ್ನು ನೇರವಾಗಿ ಹಿರಿಯ ಹುದ್ದೆಗೆ ನೇಮಿಸುವ ಪದ್ಧತಿ) ಮೂಲಕ ಜಂಟಿ ಕಾರ್ಯದರ್ಶಿ ಹುದ್ದೆ ಕೊಡಿಸುವಷ್ಟು ತಯಾರಿ ಮಾಡಿಸುತ್ತೇವೆಂದು ದೊಡ್ಡ ಮೊತ್ತವನ್ನು ಮುಂಗಡವಾಗಿ ಕೇಳಿದೆ. ಬೇಹುಗಾರಿಕೆಯಲ್ಲಿದ್ದವರನ್ನು ಹೊರಗೆ ಯಾರೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬ ಮಾತೂ ಕಿವಿಗೆ ಬಿದ್ದಿದೆ. ಅವನು ರಾಜೀನಾಮೆ ಕೊಡಬೇಕೇ, ಕಾಯಬೇಕೇ? ಅವನಿಗೆ ಹೆಣ್ಣು ನೋಡುತ್ತಿದ್ದೇವೆ. ವಿವರಪತ್ರದಲ್ಲಿ ಅವನ ಕೆಲಸದ ಬಗ್ಗೆ ಏನು ಬರೆಯಬೇಕೆಂಬುದೂ ತಿಳಿಯುತ್ತಿಲ್ಲ.

(ಪುಣೆಯ ವಾನವಡಿಯಿಂದ ಓದುಗರೊಬ್ಬರು)

ಉತ್ತರಿಸಿದವರು: ರಕ್ಷಣಾ ಲೆಕ್ಕಪತ್ರ ಇಲಾಖೆಯ ನಿವೃತ್ತ ಅಧಿಕಾರಿ, ಪುಣೆ

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಒಳಗಿನ ಆತಂಕ ಒಂದೇ: ಮಗ ಕೈಯಲ್ಲಿರುವ ಗಟ್ಟಿ ಕೆಲಸವನ್ನು ಬಿಟ್ಟು, ಇದೆಯೋ ಇಲ್ಲವೋ ಗೊತ್ತಿಲ್ಲದ ದಾರಿಗೆ ಇಳಿದುಬಿಡುತ್ತಾರೇನೋ ಎಂಬುದು. ಆ ದಾರಿ ಇದೆ. ಆದರೆ ಅದು ಬಹಳ ಕಿರಿದು, ಮತ್ತು ಅದರ ಬಹುಪಾಲು ಸೇನೆಯ ಒಳಗಿನಿಂದಲೇ ಸಾಗುತ್ತದೆ. 31ನೇ ವಯಸ್ಸಿನಲ್ಲಿ ರಾಜೀನಾಮೆ ಕೊಟ್ಟು ಹೊರಬಂದವರಿಗೆ ಅದು ಹತ್ತಿರವಾಗುವುದಿಲ್ಲ, ಇನ್ನಷ್ಟು ದೂರವಾಗುತ್ತದೆ. ಸೇನಾಧಿಕಾರಿಗಳ ವೇತನದ ಲೆಕ್ಕ ಇಡುವ ಪುಣೆಯ ಗೋಳಿಬಾರ್ ಮೈದಾನದ ಕಚೇರಿಯಲ್ಲೂ, ದೆಹಲಿಯಲ್ಲಿ ಸಚಿವಾಲಯದ ಹಣಕಾಸು ವಿಭಾಗದಲ್ಲೂ ಕೆಲಸ ಮಾಡಿದ ನಾನು, ಸೇವೆಯ ನಡುವೆ ಹೊರಟವರ ಕಡತಗಳನ್ನೂ ನಿವೃತ್ತಿಯ ನಂತರ ಸಲಹೆಗಾರರಾಗಿ ಬಂದವರ ಕಡತಗಳನ್ನೂ ಓದಿದ್ದೇನೆ. ಆ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇದನ್ನು ಪೂರ್ತಿ ಓದುವವರೆಗೆ ಆ ಸಂಸ್ಥೆಗೆ ಮುಂಗಡ ಕೊಡಬೇಡಿ.

ನಿಮ್ಮ ಭಾವಮೈದುನರ ಮಾತಿಗೆ ಹಳೆಯದೊಂದು ಬುಡವಿದೆ. 1962ರ ಚೀನಾ ಯುದ್ಧದ ನಂತರ ಸೇನೆಗೆ ತುರ್ತಾಗಿ ಅಧಿಕಾರಿಗಳು ಬೇಕಾದಾಗ, ಎಮರ್ಜೆನ್ಸಿ ಕಮಿಷನ್ ಎಂಬ ಹೆಸರಿನಲ್ಲಿ ಸಾವಿರಾರು ಯುವಕರನ್ನು ಸೇರಿಸಿಕೊಳ್ಳಲಾಯಿತು. ತುರ್ತು ಮುಗಿದ ಮೇಲೆ ಅವರಿಗೆ ಮರುಜೀವನ ಕಲ್ಪಿಸಲು ಐಎಎಸ್, ಐಪಿಎಸ್ ಸೇರಿದಂತೆ ಕೇಂದ್ರದ ಸೇವೆಗಳಲ್ಲಿ ಕೆಲವು ವರ್ಷ ಹುದ್ದೆಗಳನ್ನು ಕಾದಿರಿಸಲಾಗಿತ್ತು. ಆ ತಲೆಮಾರಿನ ಹಲವರು ಜಿಲ್ಲಾಧಿಕಾರಿಗಳೂ ಕಾರ್ಯದರ್ಶಿಗಳೂ ಆದರು, ಅವರ ನೆನಪು ಮನೆಮಾತಿನಲ್ಲಿ ಉಳಿದುಕೊಂಡಿತು. ಆ ಮೀಸಲಾತಿ ನಿಂತು ದಶಕಗಳೇ ಕಳೆದಿವೆ. ಇಂದು ನಾಗರಿಕ ಸೇವಾ ಪರೀಕ್ಷೆಯಲ್ಲಿ ಸೇನಾಧಿಕಾರಿಗಳಿಗೆ ಸೀಟುಗಳ ಕೋಟಾ ಇಲ್ಲ, ವಯೋಮಿತಿಯಲ್ಲಿ ಸಡಿಲಿಕೆ ಮಾತ್ರ ಇದೆ.

ಆ ಸಡಿಲಿಕೆಯನ್ನೂ ಎಚ್ಚರದಿಂದ ಓದಬೇಕು. ಸಾಮಾನ್ಯ ವರ್ಗದ ಅಭ್ಯರ್ಥಿ ಪರೀಕ್ಷೆಯ ವರ್ಷದ ಆಗಸ್ಟ್ 1ಕ್ಕೆ 32 ತುಂಬಿರಬಾರದು ಮತ್ತು 6 ಬಾರಿ ಮಾತ್ರ ಬರೆಯಬಹುದು. ಕನಿಷ್ಠ 5 ವರ್ಷ ಸೇವೆ ಸಲ್ಲಿಸಿ, ಒಪ್ಪಿಕೊಂಡ ಅವಧಿಯನ್ನು ಪೂರೈಸಿ ಬಿಡುಗಡೆಯಾದ ಅಧಿಕಾರಿಗಳಿಗೆ 5 ವರ್ಷದವರೆಗೆ ರಿಯಾಯಿತಿ ಸಿಗುತ್ತದೆ. ಇದರ ಲಾಭ ಮುಖ್ಯವಾಗಿ ಶಾರ್ಟ್ ಸರ್ವಿಸ್ ಕಮಿಷನ್‌ನವರಿಗೆ, ಏಕೆಂದರೆ ಅವರ ಸೇವೆಗೆ ನಿಗದಿತ ಅವಧಿ ಇರುತ್ತದೆ. ನಿಮ್ಮ ಮಗನದು ಪರ್ಮನೆಂಟ್ ಕಮಿಷನ್. ನಡುವೆ ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ಟರೆ ಅವಧಿ ಪೂರೈಸಿದಂತೆ ಆಗುವುದಿಲ್ಲ, ಆದ್ದರಿಂದ ಈ ರಿಯಾಯಿತಿಯನ್ನು ನಂಬಿ ಲೆಕ್ಕ ಹಾಕಬಾರದು. ಅಂದರೆ ಹುಟ್ಟಿದ ತಿಂಗಳನ್ನು ಅವಲಂಬಿಸಿ ಅವರಿಗೆ ಉಳಿದಿರುವುದು ಹೆಚ್ಚೆಂದರೆ ಒಂದು ಪ್ರಯತ್ನ. ಅದಕ್ಕೂ ಮೇಲಿನ ಅಧಿಕಾರಿಗಳ ಅನುಮತಿ ಬೇಕು. ಪ್ರಿಲಿಮ್ಸ್‌ನಿಂದ ಅಂತಿಮ ಫಲಿತಾಂಶದವರೆಗೆ ಸುಮಾರು ಒಂದು ವರ್ಷ ಹಿಡಿಯುವ ಪರೀಕ್ಷೆಯನ್ನು ಕರ್ತವ್ಯದ ನಡುವೆ ಬರೆಯುವುದು ಎಷ್ಟು ಕಷ್ಟ ಎಂಬುದನ್ನು ಅವರೇ ಬಲ್ಲರು.

ಲ್ಯಾಟರಲ್ ಎಂಟ್ರಿಯ ವಿಷಯದಲ್ಲಿ ಆ ಸಂಸ್ಥೆ ಹೇಳದೆ ಬಿಟ್ಟಿರುವ ಸಂಗತಿಗಳು ಇವು. 2018ರಲ್ಲಿ ಕೇಂದ್ರ ಸರ್ಕಾರ ಮೊದಲ ಬಾರಿಗೆ ಈ ರೀತಿ 10 ಜಂಟಿ ಕಾರ್ಯದರ್ಶಿ ಹುದ್ದೆಗಳಿಗೆ ಅರ್ಜಿ ಕರೆಯಿತು. ಕಂದಾಯ, ಹಣಕಾಸು ಸೇವೆ, ಕೃಷಿ, ಹೆದ್ದಾರಿ, ಹಡಗು, ಪರಿಸರ, ವಿಮಾನಯಾನ, ವಾಣಿಜ್ಯ ಮುಂತಾದ ಇಲಾಖೆಗಳು ಅದರಲ್ಲಿದ್ದವು, ರಕ್ಷಣೆ ಇರಲಿಲ್ಲ. ಕನಿಷ್ಠ ವಯಸ್ಸು 40, ಅನುಭವ 15 ವರ್ಷ, ನೇಮಕಾತಿ ಗುತ್ತಿಗೆಯ ಮೇಲೆ ಮೊದಲು 3 ವರ್ಷಕ್ಕೆ. 2024ರ ಆಗಸ್ಟ್‌ನಲ್ಲಿ ಯುಪಿಎಸ್‌ಸಿ 45 ಹುದ್ದೆಗಳಿಗೆ ಹೊರಡಿಸಿದ ಜಾಹೀರಾತಿನಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ಅವಕಾಶವೇ ಇರಲಿಲ್ಲ, ಮತ್ತು ಮೀಸಲಾತಿಯ ಪ್ರಶ್ನೆ ಎದ್ದು ಆ ಜಾಹೀರಾತನ್ನೇ ಕೆಲವು ದಿನಗಳಲ್ಲಿ ಹಿಂದಕ್ಕೆ ಪಡೆಯಲಾಯಿತು. 31 ವರ್ಷದ, ಸೇವೆಯಲ್ಲಿರುವ ಮೇಜರ್ ಒಬ್ಬರಿಗೆ ಈ ದಾರಿಯಲ್ಲಿ ರಕ್ಷಣಾ ಸಚಿವಾಲಯದ ಹುದ್ದೆಯ ಆಸೆ ತೋರಿಸಿ ಹಣ ಕೇಳುವವರು, ಒಂದೋ ವಿಷಯ ತಿಳಿಯದವರು, ಇಲ್ಲವೇ ತಿಳಿದೂ ಮುಚ್ಚಿಟ್ಟವರು.

ಇನ್ನು ಮಗನ ಮನಸ್ಸು ಸೆಳೆದ ಅಮೆರಿಕದ ಉದಾಹರಣೆ. ಅವರು ಓದಿದ್ದು ಬಹುಶಃ ಜೇಮ್ಸ್ ಕ್ಲ್ಯಾಪರ್ ಅವರ ಬಗ್ಗೆ ಇರಬೇಕು. 1963ರಲ್ಲಿ ವಾಯುಸೇನೆಯ ಅಧಿಕಾರಿಯಾಗಿ, ಸಂಕೇತ ಬೇಹುಗಾರಿಕೆಯಲ್ಲಿ ಪಳಗಿ, ಲೆಫ್ಟಿನೆಂಟ್ ಜನರಲ್ ದರ್ಜೆಯಲ್ಲಿ 1991ರಿಂದ 1995ರವರೆಗೆ ಅಲ್ಲಿಯ ರಕ್ಷಣಾ ಗುಪ್ತಚರ ಸಂಸ್ಥೆಯನ್ನು ನಡೆಸಿ ನಿವೃತ್ತರಾದವರು ಅವರು. ಆರು ವರ್ಷ ಖಾಸಗಿ ವಲಯದಲ್ಲಿದ್ದು, 2001ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ದಾಳಿಯಾದ ಎರಡು ದಿನಗಳ ಬಳಿಕ ನಕ್ಷೆ ಮತ್ತು ಉಪಗ್ರಹ ಚಿತ್ರಗಳ ಗುಪ್ತಚರ ಸಂಸ್ಥೆಯ ಮೊದಲ ನಾಗರಿಕ ಮುಖ್ಯಸ್ಥರಾದರು. 2007ರಲ್ಲಿ ರಕ್ಷಣಾ ಇಲಾಖೆಯ ಗುಪ್ತಚರ ವಿಷಯದ ಅಧೀನ ಕಾರ್ಯದರ್ಶಿಯಾಗಿ (ಅಲ್ಲಿ ಇದು ಬಹಳ ಹಿರಿಯ ಹುದ್ದೆ), 2010ರಿಂದ 2017ರವರೆಗೆ ರಾಷ್ಟ್ರೀಯ ಗುಪ್ತಚರ ನಿರ್ದೇಶಕರಾಗಿ ಕೆಲಸ ಮಾಡಿದರು. ನಾಗರಿಕ ಹುದ್ದೆ ಅವರಿಗೆ ದೊರೆತದ್ದು 32 ವರ್ಷ ಸಮವಸ್ತ್ರದಲ್ಲಿ ಕಳೆದ ಮೇಲೆ ಎಂಬುದನ್ನು ನಿಮ್ಮ ಮಗ ಮುಖ್ಯವಾಗಿ ಗಮನಿಸಬೇಕು.

ಅಲ್ಲಿ ಅದು ಸಾಧ್ಯವಾಗುವುದಕ್ಕೆ ಅಲ್ಲಿಯ ವ್ಯವಸ್ಥೆಯೇ ಕಾರಣ. ಅಧ್ಯಕ್ಷರು ಬದಲಾದಾಗ ಸುಮಾರು 4,000 ಹುದ್ದೆಗಳಿಗೆ ರಾಜಕೀಯ ನೇಮಕಾತಿ ನಡೆಯುತ್ತದೆ. ಅವುಗಳಿಗೆ ಪ್ರಾಧ್ಯಾಪಕರು, ಕಂಪನಿಗಳ ಮುಖ್ಯಸ್ಥರು, ಮಾಜಿ ಜನರಲ್‌ಗಳು ಯಾರು ಬೇಕಾದರೂ ಬರಬಹುದು. ಹಾಗಿದ್ದೂ ಅಲ್ಲಿ ಸೇನೆ ಮತ್ತು ನಾಗರಿಕ ಆಡಳಿತದ ನಡುವೆ ಕಾನೂನಿನ ಅಂತರವಿದೆ. ಸೇನೆಯಿಂದ ಹೊರಬಂದು ಕನಿಷ್ಠ 7 ವರ್ಷ ಕಳೆಯದವರು ರಕ್ಷಣಾ ಕಾರ್ಯದರ್ಶಿ, ಅಂದರೆ ನಮ್ಮ ರಕ್ಷಣಾ ಮಂತ್ರಿಗೆ ಸಮಾನವಾದ ಹುದ್ದೆಗೆ ಬರುವಂತಿರಲಿಲ್ಲ. 2017ರಲ್ಲಿ ಜೇಮ್ಸ್ ಮ್ಯಾಟಿಸ್ ಅವರಿಗೂ 2021ರಲ್ಲಿ ಲಾಯ್ಡ್ ಆಸ್ಟಿನ್ ಅವರಿಗೂ ಅಲ್ಲಿಯ ಸಂಸತ್ತು ವಿಶೇಷ ವಿನಾಯಿತಿ ಕೊಡಬೇಕಾಯಿತು. ನಮ್ಮಲ್ಲಿ ಸರ್ಕಾರ ಬದಲಾದರೂ ಕಾರ್ಯದರ್ಶಿಗಳ ಸೇವೆ ಬದಲಾಗುವುದಿಲ್ಲ. ಸಚಿವಾಲಯದ ಜಂಟಿ ಕಾರ್ಯದರ್ಶಿ, ಹೆಚ್ಚುವರಿ ಕಾರ್ಯದರ್ಶಿ ಹುದ್ದೆಗಳನ್ನು ಅಖಿಲ ಭಾರತ ಸೇವೆಗಳಿಂದ ಮತ್ತು ಕೇಂದ್ರದ ಗ್ರೂಪ್ ಎ ಸೇವೆಗಳಿಂದ ಕೆಲವು ವರ್ಷಗಳ ಅವಧಿಗೆ ತುಂಬಲಾಗುತ್ತದೆ. ಆ ಸಾಲಿನಲ್ಲಿ ಸೇನಾಧಿಕಾರಿಗಳ ಹೆಸರು ಇರಲಿಲ್ಲ.

ಈ ಗೋಡೆ ಹೇಗೆ ಎದ್ದಿತು ಎಂಬುದು ತಿಳಿದರೆ, ಈಗ ಅದರಲ್ಲಿ ಎಲ್ಲಿ ಬಿರುಕು ಬಿಟ್ಟಿದೆ ಎಂಬುದೂ ತಿಳಿಯುತ್ತದೆ. ಬ್ರಿಟಿಷರ ಕಾಲದಲ್ಲಿ ಸೇನಾಧಿಕಾರಿಗಳು ಸಂಸ್ಥಾನಗಳ ಮತ್ತು ಗಡಿ ಪ್ರದೇಶಗಳ ವ್ಯವಹಾರ ನೋಡುತ್ತಿದ್ದ ಇಂಡಿಯನ್ ಪೊಲಿಟಿಕಲ್ ಸರ್ವಿಸ್‌ಗೆ ಹೋಗಬಹುದಿತ್ತು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದ ಇಸ್ಕಂದರ್ ಮಿರ್ಜಾ ಇಂಗ್ಲೆಂಡಿನ ಸೇನಾ ಅಕಾಡೆಮಿ ಸ್ಯಾಂಡ್‌ಹರ್ಸ್ಟ್‌ನಿಂದ 1920ರಲ್ಲಿ ಸೇನಾಧಿಕಾರಿಯಾಗಿ, 1926ರಲ್ಲಿ ಆ ಸೇವೆಗೆ ಹಾರಿ, 1946ರಲ್ಲಿ ದೆಹಲಿಯ ರಕ್ಷಣಾ ಇಲಾಖೆಯ ಜಂಟಿ ಕಾರ್ಯದರ್ಶಿಯಾದರು, ವಿಭಜನೆಯ ಬಳಿಕ ಪಾಕಿಸ್ತಾನದ ಮೊದಲ ರಕ್ಷಣಾ ಕಾರ್ಯದರ್ಶಿಯೂ ಆದರು. ಅಲ್ಲಿ ಮುಂದೆ ಸೇನೆ ಆಡಳಿತದೊಳಗೆ ಬಂದದ್ದನ್ನು ನೋಡಿದ ಭಾರತದ ನಾಯಕರಿಗೆ ಸೇನೆಯನ್ನು ಆಡಳಿತದಿಂದ ದೂರ ಇಡುವುದೇ ಕ್ಷೇಮ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1955ರಲ್ಲಿ ಕಮಾಂಡರ್-ಇನ್-ಚೀಫ್ ಎಂಬ ಪದವಿ ಹೋಗಿ ಮೂರೂ ಪಡೆಗಳಿಗೆ ಮುಖ್ಯಸ್ಥರು ಮಾತ್ರ ಉಳಿದರು. 1961ರ ಕಾರ್ಯಹಂಚಿಕೆ ನಿಯಮಗಳು ದೇಶದ ರಕ್ಷಣೆಯ ಹೊಣೆಯನ್ನು ರಕ್ಷಣಾ ಇಲಾಖೆಗೆ ಕೊಟ್ಟವು, ಸೇನಾ ಪ್ರಧಾನ ಕಚೇರಿಗಳು ಅದರ ಕೈಕೆಳಗಿನ ಲಗತ್ತಾದ ಕಚೇರಿಗಳಾದವು. ನಾಗರಿಕ ಸರ್ಕಾರವೇ ಮೇಲು ಎಂಬ ತತ್ವ ಸರಿಯಾದದ್ದೇ. ಆದರೆ ಮಂತ್ರಿಯ ಅಧೀನದಲ್ಲಿರುವುದಕ್ಕೂ ಗುಮಾಸ್ತಗಿರಿಯ ಸರಪಳಿಯ ಕೊನೆಯಲ್ಲಿ ಕಾಯುವುದಕ್ಕೂ ವ್ಯತ್ಯಾಸವಿದೆ ಎಂದು ಸೇನೆಯವರು ದೂರಿದ್ದರಲ್ಲೂ ಹುರುಳಿತ್ತು. ಎರಡೂ ಕಡೆಯ ಕಡತಗಳನ್ನು ನೋಡಿದವನಾಗಿ ಈ ಮಾತು ಹೇಳುತ್ತಿದ್ದೇನೆ.

ಬದಲಾವಣೆಗೆ ಕಾರಣವಾದದ್ದು ಕಾರ್ಗಿಲ್. 1999ರಲ್ಲಿ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯ ಪರಿಶೀಲನಾ ಸಮಿತಿ ಗುಪ್ತಚರ ವ್ಯವಸ್ಥೆಯ ಲೋಪಗಳನ್ನು ಬಿಡಿಸಿ ಹೇಳಿತು. ಅದರ ಮೇಲೆ ಮಂತ್ರಿಗಳ ಗುಂಪು 2001ರಲ್ಲಿ ವರದಿ ಕೊಟ್ಟಿತು. ಮೂರೂ ಪಡೆಗಳ ಗುಪ್ತಚರ ಮಾಹಿತಿಯನ್ನು ಒಂದೆಡೆ ತರುವ ಡಿಫೆನ್ಸ್ ಇಂಟೆಲಿಜೆನ್ಸ್ ಏಜೆನ್ಸಿ 2002ರಲ್ಲಿ, ತಾಂತ್ರಿಕ ಬೇಹುಗಾರಿಕೆಯ ಎನ್‌ಟಿಆರ್‌ಒ 2004ರಲ್ಲಿ ಹುಟ್ಟಿದ್ದು ಅದರಿಂದಲೇ. ಸಚಿವಾಲಯದ ಒಳಗಿನ ಗೋಡೆ ಮಾತ್ರ ಇನ್ನೂ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನಿಂತಿತ್ತು. 2020ರ ಜನವರಿ 1ರಂದು ಜನರಲ್ ಬಿಪಿನ್ ರಾವತ್ ಮೊದಲ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿ ಅಧಿಕಾರ ವಹಿಸಿಕೊಂಡಾಗ ಅವರ ಕೈಕೆಳಗೆ ಸೇನಾ ವ್ಯವಹಾರಗಳ ಇಲಾಖೆ ಎಂಬ ಹೊಸ ಇಲಾಖೆ ಬಂತು, ಮತ್ತು ಸಮವಸ್ತ್ರದಲ್ಲಿರುವ ಒಬ್ಬರು ಮೊದಲ ಬಾರಿಗೆ ಭಾರತ ಸರ್ಕಾರದ ಕಾರ್ಯದರ್ಶಿಯೂ ಆದರು. 2021ರಲ್ಲಿ ಅದೇ ಇಲಾಖೆಯಲ್ಲಿ ಒಬ್ಬ ಲೆಫ್ಟಿನೆಂಟ್ ಜನರಲ್ ಹೆಚ್ಚುವರಿ ಕಾರ್ಯದರ್ಶಿಯಾಗಿಯೂ ಮೂರು ಪಡೆಗಳಿಂದ ಒಬ್ಬೊಬ್ಬರು ಜಂಟಿ ಕಾರ್ಯದರ್ಶಿಗಳಾಗಿಯೂ ನೇಮಕಗೊಂಡರು. ನಿಮ್ಮ ಮಗ ಬಯಸುವ ಕೆಲಸಕ್ಕೆ ಹತ್ತಿರದ ಕುರ್ಚಿಗಳು ಇವು, ಮತ್ತು ಇವುಗಳಲ್ಲಿ ಕೂರಲು ಸಮವಸ್ತ್ರ ಬಿಡಬೇಕಾಗಿಲ್ಲ.

ಸಮವಸ್ತ್ರ ಕಳಚಿದ ಮೇಲೆ ಈ ವಲಯಕ್ಕೆ ಬಂದವರೂ ನಮ್ಮಲ್ಲಿದ್ದಾರೆ. ಲೆಫ್ಟಿನೆಂಟ್ ಜನರಲ್ ವಿನೋದ್ ಖಂಡಾರೆ ಅವರು ಡಿಫೆನ್ಸ್ ಇಂಟೆಲಿಜೆನ್ಸ್ ಏಜೆನ್ಸಿಯ ಮಹಾನಿರ್ದೇಶಕರಾಗಿದ್ದು, 2018ರಲ್ಲಿ ನಿವೃತ್ತರಾದ ಬಳಿಕ ರಾಷ್ಟ್ರೀಯ ಭದ್ರತಾ ಮಂಡಳಿ ಸಚಿವಾಲಯದ ಸೇನಾ ಸಲಹೆಗಾರರಾದರು, 2022ರಲ್ಲಿ ರಕ್ಷಣಾ ಸಚಿವಾಲಯದ ಪ್ರಧಾನ ಸಲಹೆಗಾರರಾದರು. ಮಗ ಹುಡುಕುತ್ತಿರುವ ಮಾದರಿಗೆ ಭಾರತದಲ್ಲಿ ಇದಕ್ಕಿಂತ ಹತ್ತಿರದ್ದು ನನಗೆ ಕಾಣುವುದಿಲ್ಲ. ಅದೇ ಸೇನಾ ಸಲಹೆಗಾರರ ಸ್ಥಾನದಲ್ಲಿ ಲೆಫ್ಟಿನೆಂಟ್ ಜನರಲ್ ಪ್ರಕಾಶ್ ಮೆನನ್ ಅವರೂ ಇದ್ದರು. ಲೆಫ್ಟಿನೆಂಟ್ ಜನರಲ್ ಅನಿಲ್ ಚೌಹಾಣ್ 2021ರಲ್ಲಿ ನಿವೃತ್ತರಾಗಿ ಅದೇ ಸ್ಥಾನಕ್ಕೆ ಬಂದು, ಅಲ್ಲಿಂದ 2022ರಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥರಾದರು. ಈ ಮೂವರೂ ಲೆಫ್ಟಿನೆಂಟ್ ಜನರಲ್ ದರ್ಜೆಯವರು. ಖಂಡಾರೆ ಅವರ ಮೂಲ ಇಂಟೆಲಿಜೆನ್ಸ್ ಕೋರ್ ಕೂಡ ಅಲ್ಲ, ಗಢವಾಲ್ ರೈಫಲ್ಸ್. ಗುಪ್ತಚರ ವಿಭಾಗದ ಉನ್ನತ ಸ್ಥಾನಗಳಿಗೆ ಕಾಲಾಳು, ಫಿರಂಗಿ ದಳಗಳಿಂದಲೂ ಬರುತ್ತಾರೆ, ಕೋರ್ ಚಿಕ್ಕದು. ಇದು ನಿಮ್ಮ ಮಗನಿಗೆ ಕಹಿಯಾದ ಸಂಗತಿ. ಆದರೂ ಹೇಳಲೇಬೇಕು.

ಹಾಗಾದರೆ ಅವರ ಕೈಯಲ್ಲಿರುವ ಬಂಡವಾಳವೇನು? ಬಹಳ ಜನ ಅದನ್ನು ಅವರಿಗೆ ಗೊತ್ತಿರುವ ರಹಸ್ಯಗಳು ಎಂದುಕೊಳ್ಳುತ್ತಾರೆ. ರಹಸ್ಯಗಳು ಎರಡು ಮೂರು ವರ್ಷದಲ್ಲಿ ಹಳಸುತ್ತವೆ, ಹಳಸದಿದ್ದರೂ ಅವು ಅವರದಲ್ಲ. ಬಂಡವಾಳವಿರುವುದು ವಿಚಾರ ಮಾಡುವ ಪದ್ಧತಿಯಲ್ಲಿ. ಹಲವು ದೇಶಗಳ ಸೇನಾ ಬೇಹುಗಾರಿಕೆಯಲ್ಲಿ, ಬ್ರಿಟಿಷ್ ನೌಕಾಪಡೆಯಿಂದ ಬಂದ ಒಂದು ರೂಢಿಯಿದೆ: ಬಂದ ಪ್ರತಿ ಸುದ್ದಿಗೂ ಎರಡು ಗುರುತು ಹಾಕಬೇಕು. ಸುದ್ದಿ ತಂದವನು ಎಷ್ಟು ನಂಬಿಕಸ್ಥ ಎಂಬುದಕ್ಕೆ ಎ ಯಿಂದ ಎಫ್ ವರೆಗೆ ಒಂದು ಅಕ್ಷರ, ಸುದ್ದಿ ಎಷ್ಟು ನಿಜವಿರಬಹುದು ಎಂಬುದಕ್ಕೆ 1ರಿಂದ 6ರವರೆಗೆ ಒಂದು ಅಂಕಿ. ನಂಬಿಕಸ್ಥನೂ ತಪ್ಪು ಸುದ್ದಿ ತರಬಹುದು, ನಂಬಲಾಗದವನ ಬಾಯಲ್ಲೂ ನಿಜ ಬರಬಹುದು, ಆದ್ದರಿಂದ ಎರಡನ್ನೂ ಬೇರೆಬೇರೆಯಾಗಿಯೇ ತೂಗಬೇಕು. ಮೇಲಧಿಕಾರಿಗೆ ಇಷ್ಟವಾಗದ ತೀರ್ಮಾನವನ್ನೂ ಅದರ ಖಚಿತತೆಯ ಮಟ್ಟದೊಂದಿಗೆ ಎರಡು ಪುಟದಲ್ಲಿ ಬರೆದು ಮುಂದಿಡುವ ಅಭ್ಯಾಸ ಒಂಬತ್ತು ವರ್ಷದಲ್ಲಿ ಮೈಗೂಡಿದ್ದರೆ, ಆ ಗುಣ ಸಚಿವಾಲಯದಲ್ಲಿ ಅಪರೂಪ.

ಕೊರತೆ ಇರುವುದು ಮತ್ತೊಂದು ಕಡೆ. ಸಚಿವಾಲಯದ ಕಡತ ಬೇರೆಯೇ ರೀತಿಯಲ್ಲಿ ಮಾತಾಡುತ್ತದೆ. ಹಿಂದೆ ಹಸಿರು ಹಾಳೆಯ ಮೇಲೆ, ಈಗ ಇ-ಆಫೀಸ್ ಪರದೆಯ ಮೇಲೆ, ಪ್ಯಾರಾಗಳಿಗೆ ಕ್ರಮಸಂಖ್ಯೆ ಹಾಕಿದ ಟಿಪ್ಪಣಿ ಕೆಳಗಿನಿಂದ ಮೇಲೇರುತ್ತದೆ. ಗಡಿಯಲ್ಲಿ ಒಂದು ಕಣ್ಗಾವಲು ಉಪಕರಣ ತುರ್ತಾಗಿ ಬೇಕು ಎಂದು ಸೇನೆಯವರು ಅಪಾಯವನ್ನು ಎಷ್ಟೇ ಚೆನ್ನಾಗಿ ವಿವರಿಸಿದರೂ, ನನ್ನ ಮೇಜಿಗೆ ಬಂದಾಗ ನಾನು ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ: ಇದು ಯಾವ ಶೀರ್ಷಿಕೆಯ ಹಣ, ಬಂಡವಾಳ ವೆಚ್ಚವೋ ರಾಜಸ್ವ ವೆಚ್ಚವೋ? ಮಂಜೂರು ಮಾಡುವ ಅಧಿಕಾರ ಯಾರಿಗಿದೆ? ಒಬ್ಬನೇ ಸರಬರಾಜುದಾರನಾದರೆ ಅದಕ್ಕೆ ಸಮರ್ಥನೆ ಏನು? ಐದು ವರ್ಷದ ನಿರ್ವಹಣಾ ವೆಚ್ಚ ಎಷ್ಟು? ಮುಂದೆ ಲೆಕ್ಕ ಪರಿಶೋಧಕರು ಕೇಳಿದರೆ ಉತ್ತರ ಎಲ್ಲಿದೆ? ಗುಪ್ತಚರ ಅಧಿಕಾರಿಯ ವರದಿ 'ಪರಿಸ್ಥಿತಿ ಹೀಗಿದೆ' ಎನ್ನುವಲ್ಲಿ ಮುಗಿಯುತ್ತದೆ. ಸಚಿವಾಲಯದ ಟಿಪ್ಪಣಿ 'ಹೀಗೆ ಮಾಡಬಹುದು, ಇಷ್ಟು ಖರ್ಚಾಗುತ್ತದೆ, ಹೊಣೆ ಇವರದು' ಎನ್ನುವವರೆಗೆ ಹೋಗಬೇಕು. ಈ ಎರಡನೆಯ ಭಾಗವನ್ನು ಕಲಿಯದೆ ಬಂದ ಅನುಭವಿ ಅಧಿಕಾರಿಗಳು ಸಭೆಗಳಲ್ಲಿ ಮೌನವಾಗಿಬಿಡುವುದನ್ನು ಕಂಡು ನನಗೆ ಬೇಸರವಾಗಿದೆ, ಏಕೆಂದರೆ ಅವರು ಹೇಳಬೇಕಾದದ್ದು ಮುಖ್ಯವಾದದ್ದೇ ಆಗಿರುತ್ತಿತ್ತು.

ಈಗ ಆಯ್ಕೆಗಳಿಗೆ ಬರೋಣ. ಇಂದೇ ರಾಜೀನಾಮೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ, ರಾಜೀನಾಮೆ ಹಕ್ಕಲ್ಲ, ಸರ್ಕಾರ ಒಪ್ಪಿದರೆ ಮಾತ್ರ ಬಿಡುಗಡೆ. ಎರಡನೆಯದಾಗಿ, ಅಧಿಕಾರಿಗೆ ನಿವೃತ್ತಿ ಪಿಂಚಣಿ ಸಿಗಲು ಕನಿಷ್ಠ 20 ವರ್ಷದ ಅರ್ಹ ಸೇವೆ ಬೇಕು. ಅದಕ್ಕೆ ಮೊದಲು ಸ್ವಂತ ಕೋರಿಕೆಯಿಂದ ಹೊರಟವರಿಗೆ ಪಿಂಚಣಿಯೂ ಇಲ್ಲ, ನಿಯಮದ ಪ್ರಕಾರ ಮಾಜಿ ಸೈನಿಕ ಎಂಬ ಸ್ಥಾನಮಾನವೂ ಇಲ್ಲ, ಪಿಂಚಣಿದಾರರಿಗಿರುವ ಇಸಿಎಚ್‌ಎಸ್ ವೈದ್ಯಕೀಯ ಸೌಲಭ್ಯವೂ ಇಲ್ಲ. ಹೊರಡುವ ಉತ್ಸಾಹದಲ್ಲಿ ಇದನ್ನು ಲೆಕ್ಕಕ್ಕೆ ಹಿಡಿಯದೆ, ಆಮೇಲೆ ನಮ್ಮ ಕಚೇರಿಗೆ ಪತ್ರದ ಮೇಲೆ ಪತ್ರ ಬರೆದವರಿದ್ದಾರೆ. ಅವರಿಗೆ ಒಳ್ಳೆಯ ಉತ್ತರ ಕೊಡಲು ನಿಯಮದಲ್ಲಿ ಜಾಗವಿರಲಿಲ್ಲ.

ಪರೀಕ್ಷೆಯ ಒಂದು ಪ್ರಯತ್ನ ಉಳಿದಿದ್ದರೆ, ಅನುಮತಿ ಪಡೆದು ಬರೆಯುವುದರಲ್ಲಿ ತಪ್ಪಿಲ್ಲ. ಆದರೆ ಐಎಎಸ್ ಸಿಕ್ಕರೂ ಹೋಗುವುದು ಯಾವುದೋ ಒಂದು ರಾಜ್ಯಕ್ಕೆ, ರಕ್ಷಣಾ ಸಚಿವಾಲಯಕ್ಕಲ್ಲ. ಜಂಟಿ ಕಾರ್ಯದರ್ಶಿ ಮಟ್ಟ ತಲುಪುವ ಹೊತ್ತಿಗೆ ಐವತ್ತರ ಆಸುಪಾಸು ಆಗಿರುತ್ತದೆ, ಆಗಲೂ ರಕ್ಷಣಾ ಇಲಾಖೆಯೇ ಸಿಗುತ್ತದೆಂಬ ಖಾತ್ರಿಯಿಲ್ಲ. ಇಡೀ ವೃತ್ತಿಜೀವನ ರಕ್ಷಣೆಯ ಸುತ್ತಲೇ ಇರಬೇಕೆಂದರೆ ಅದೇ ಪರೀಕ್ಷೆಯಲ್ಲಿ ಇಂಡಿಯನ್ ಡಿಫೆನ್ಸ್ ಅಕೌಂಟ್ಸ್ ಸರ್ವಿಸ್ ಮತ್ತು ಸೇನೆಯ ಜಮೀನು ನೋಡಿಕೊಳ್ಳುವ ಡಿಫೆನ್ಸ್ ಎಸ್ಟೇಟ್ಸ್ ಸರ್ವಿಸ್ ಇವೆ. ಜನ ಇವುಗಳನ್ನು ಕೊನೆಯ ಆಯ್ಕೆಯಾಗಿ ಬರೆಯುತ್ತಾರೆ. ನನ್ನ ಸೇವೆ ಎಂಬ ಅಭಿಮಾನ ಇರಬಹುದು, ಆದರೂ ರಕ್ಷಣಾ ಸಚಿವಾಲಯದ ಒಳಹರಿವನ್ನು ಅರಿಯಲು ಲೆಕ್ಕಪತ್ರ ಸೇವೆಗಿಂತ ಒಳ್ಳೆಯ ಜಾಗ ಬೇರೆ ಇಲ್ಲವೆಂದೇ ನನ್ನ ನಂಬಿಕೆ.

ನಾನು ಹೆಚ್ಚು ತೂಕ ಕೊಡುವ ಆಯ್ಕೆ, ಸೇನೆಯಲ್ಲೇ ಇದ್ದು ಮುಂದಿನ ಹತ್ತು ಹನ್ನೊಂದು ವರ್ಷವನ್ನು ಈ ಗುರಿಗಾಗಿ ಕಟ್ಟಿಕೊಳ್ಳುವುದು. ತಮಿಳುನಾಡಿನ ವೆಲ್ಲಿಂಗ್ಟನ್‌ನ ಡಿಫೆನ್ಸ್ ಸರ್ವಿಸಸ್ ಸ್ಟಾಫ್ ಕಾಲೇಜಿನ ಪ್ರವೇಶ ಪರೀಕ್ಷೆ ಮೊದಲ ಮೆಟ್ಟಿಲು, ಮೇಜರ್ ದರ್ಜೆಯಲ್ಲೇ ಅದನ್ನು ದಾಟಬೇಕು. ಆಮೇಲೆ ಡಿಫೆನ್ಸ್ ಇಂಟೆಲಿಜೆನ್ಸ್ ಏಜೆನ್ಸಿ, ಎನ್‌ಟಿಆರ್‌ಒ, ರಾಷ್ಟ್ರೀಯ ಭದ್ರತಾ ಮಂಡಳಿ ಸಚಿವಾಲಯ ಇವುಗಳಿಗೆ ನಿಯೋಜನೆ, ಅಥವಾ ನಮ್ಮ ರಾಯಭಾರ ಕಚೇರಿಗಳಲ್ಲಿ ರಕ್ಷಣಾ ಅತಾಶೆ (ಸೇನಾ ಪ್ರತಿನಿಧಿ) ಹುದ್ದೆ ಸಿಗುವಂತೆ ವಿದೇಶಿ ಭಾಷೆಯೊಂದನ್ನು ಗಟ್ಟಿ ಮಾಡಿಕೊಳ್ಳುವುದು. ಅಧ್ಯಯನ ರಜೆ ಪಡೆದು ಸಾರ್ವಜನಿಕ ಹಣಕಾಸು ಅಥವಾ ರಕ್ಷಣಾ ಅಧ್ಯಯನದಲ್ಲಿ ಪದವಿ ಮಾಡಬಹುದು. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದಲ್ಲೇ ರಕ್ಷಣಾ ಅಧ್ಯಯನದ ವಿಭಾಗವಿದೆ. ದೆಹಲಿಯಲ್ಲಿ 1965ರಿಂದ ನಡೆದುಬಂದಿರುವ, ಈಗ ಗೋವೆಯ ಮನೋಹರ್ ಪರಿಕ್ಕರ್ ಅವರ ಹೆಸರಿನಲ್ಲಿರುವ ರಕ್ಷಣಾ ಅಧ್ಯಯನ ಸಂಸ್ಥೆ ಸೇವೆಯಲ್ಲಿರುವ ಅಧಿಕಾರಿಗಳನ್ನೂ ಸಂಶೋಧಕರಾಗಿ ತೆಗೆದುಕೊಳ್ಳುತ್ತದೆ. ಅಲ್ಲಿ ಹೆಸರು ಹಾಕಿ ಬರೆಯುವ ಅವಕಾಶವಿರುತ್ತದೆ, ಗುಪ್ತಚರದವರಿಗೆ ಬೇರೆಲ್ಲೂ ಅದು ಸಿಗುವುದು ಕಷ್ಟ.

ಇದರಲ್ಲೂ ಅಪಾಯವಿದೆ. ಲೆಫ್ಟಿನೆಂಟ್ ಕರ್ನಲ್‌ವರೆಗೆ ಬಡ್ತಿ ಸೇವಾವಧಿಯ ಮೇಲೆ, 13 ವರ್ಷಕ್ಕೆ ಬರುತ್ತದೆ, ಕರ್ನಲ್‌ನಿಂದ ಮುಂದೆ ಆಯ್ಕೆಯೇ. ಅಲ್ಲಿ ಹಿಂದೆ ಬಿದ್ದವರು ಬಹಳ. ಕರ್ನಲ್ 54ಕ್ಕೆ, ಬ್ರಿಗೇಡಿಯರ್ 56ಕ್ಕೆ ನಿವೃತ್ತರಾಗುತ್ತಾರೆ. ಸಚಿವಾಲಯದ ಜಂಟಿ ಕಾರ್ಯದರ್ಶಿಗೆ ವೇತನ ಶ್ರೇಣಿಯಲ್ಲಿ ಸಮನಾದವರು ಮೇಜರ್ ಜನರಲ್, ಅಷ್ಟು ಎತ್ತರಕ್ಕೆ ಹೋಗುವವರು ಒಂದು ಬ್ಯಾಚಿನಲ್ಲಿ ಬೆರಳೆಣಿಕೆಯಷ್ಟು ಮಂದಿ. ನೀತಿಯ ಕೆಲಸಕ್ಕಾಗಿ ದೆಹಲಿಯಲ್ಲೇ ಹೆಚ್ಚು ಕಾಲ ಉಳಿದರೆ ಕ್ಷೇತ್ರದ ಅನುಭವ ಕಡಿಮೆಯಾಗಿ ಬಡ್ತಿಗೇ ಪೆಟ್ಟು ಬೀಳಬಹುದು. ಆದ್ದರಿಂದ 20 ವರ್ಷ ಆಗುವ ಹೊತ್ತಿಗೆ, ಅಂದರೆ ಮಗನಿಗೆ 41–42 ಆದಾಗ, ಮತ್ತೊಮ್ಮೆ ತಣ್ಣಗೆ ಕುಳಿತು ಯೋಚಿಸಬೇಕು. ಆಗ ಪಿಂಚಣಿಯೊಂದಿಗೆ ಹೊರಬರುವ ಅವಕಾಶ ಇರುತ್ತದೆ, ಮರುವಸತಿ ಮಹಾನಿರ್ದೇಶನಾಲಯದ ಮೂಲಕ ಐಐಎಂಗಳಲ್ಲಿ ಸುಮಾರು ಆರು ತಿಂಗಳ ತರಬೇತಿ ಪಡೆಯಬಹುದು, ಮತ್ತು ಲ್ಯಾಟರಲ್ ಎಂಟ್ರಿಯ ಬಾಗಿಲು ಆ ಹೊತ್ತಿಗೆ ರಕ್ಷಣಾ ಇಲಾಖೆಗೂ ತೆರೆದಿದ್ದರೆ ವಯಸ್ಸೂ ಅನುಭವವೂ ಎರಡೂ ಸರಿಹೊಂದುತ್ತವೆ.

ಬೇಹುಗಾರಿಕೆಯಲ್ಲಿದ್ದವರನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂಬುದು ಸುಳ್ಳು. ಬ್ಯಾಂಕುಗಳು, ಮಾಹಿತಿ ತಂತ್ರಜ್ಞಾನ ಕಂಪನಿಗಳು, ರಕ್ಷಣಾ ಉಪಕರಣ ತಯಾರಕರು ಅವರನ್ನು ಹುಡುಕಿಕೊಂಡೇ ಬರುತ್ತಾರೆ. ಕಟ್ಟುಪಾಡುಗಳು ಮಾತ್ರ ನಿಜ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಹುದ್ದೆ ಬಿಟ್ಟವರನ್ನೂ ಬಿಡುವುದಿಲ್ಲ, ಸೇವೆಯಲ್ಲಿರುವವರು ಪೂರ್ವಾನುಮತಿ ಇಲ್ಲದೆ ಸೇವಾ ವಿಷಯಗಳನ್ನು ಪ್ರಕಟಿಸುವಂತಿಲ್ಲ, ನಿವೃತ್ತಿಯಾದ ಒಂದು ವರ್ಷದೊಳಗೆ ಖಾಸಗಿ ಕಂಪನಿ ಸೇರಬೇಕಾದರೆ ಸರ್ಕಾರದ ಅನುಮತಿ ಬೇಕು. ಕೆಲಸಕ್ಕೆ ಕರೆಯುವವರಲ್ಲಿ ಕೆಲವರು ಅವರ ವಿಶ್ಲೇಷಣಾ ಶಕ್ತಿಗಿಂತ ಒಳಗಿನ ಸಂಪರ್ಕಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಸಂದರ್ಶನದಲ್ಲಿ ಒಂದು ನಿರ್ದಿಷ್ಟ ಕಾರ್ಯಾಚರಣೆಯ ಬಗ್ಗೆ, ಒಬ್ಬ ವ್ಯಕ್ತಿಯ ಬಗ್ಗೆ ಪ್ರಶ್ನೆ ಬಂದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಮದುವೆಯ ವಿವರಪತ್ರದ ಬಗ್ಗೆ ಕೇಳಿದ್ದೀರಿ. 'ಭಾರತೀಯ ಸೇನೆಯಲ್ಲಿ ಮೇಜರ್, ಪರ್ಮನೆಂಟ್ ಕಮಿಷನ್' ಎಂದು ಬರೆದು ನಿಲ್ಲಿಸಿ. ಕೋರ್‌ನ ಹೆಸರು, ಘಟಕ, ಈಗಿರುವ ಊರು, ಹಿಂದೆ ಇದ್ದ ಗಡಿ ಪ್ರದೇಶ ಯಾವುದೂ ಬೇಡ, ಸಮವಸ್ತ್ರದ ಫೋಟೋ ಕೂಡ ಬೇಡ. ವಿವರಪತ್ರ ವಾಟ್ಸಾಪ್‌ನಲ್ಲಿ ನಿಮಗೆ ಪರಿಚಯವೇ ಇಲ್ಲದ ಕೈಗಳಿಗೆ ಹೋಗುತ್ತದೆ, ಅಧಿಕಾರಿಗಳ ಮನೆಯವರಿಂದ ವಿವರ ಕೆದಕುವವರು ಬಳಸುವ ದಾರಿಗಳಲ್ಲಿ ಇದೂ ಒಂದು. ಹೆಣ್ಣಿನ ಕಡೆಯವರು ಮನೆಗೆ ಬಂದು ಕೇಳಿದಾಗ, ಎಷ್ಟು ಹೇಳಬಹುದೋ ಅಷ್ಟನ್ನು ನಿಮ್ಮ ಮಗನೇ ಹೇಳಲಿ. ತಮ್ಮ ಕೆಲಸದ ಬಗ್ಗೆ ಅವರು ನಿಮ್ಮೊಂದಿಗೂ ಮಾತಾಡುವುದಿಲ್ಲ ಎಂಬ ಕೊರಗು ನಿಮ್ಮಲ್ಲಿದ್ದರೆ, ಅದು ಅವರ ತರಬೇತಿಯ ಭಾಗವೆಂದು ತಿಳಿಯಿರಿ, ನಿಮ್ಮ ಮೇಲಿನ ಅಪನಂಬಿಕೆಯೆಂದು ಅಲ್ಲ.

ಮುಂಗಡ ಕೇಳಿದ ಸಂಸ್ಥೆಯ ಬಳಿ ಎರಡು ಪ್ರಶ್ನೆ ಕೇಳಿ: ರಕ್ಷಣಾ ಸಚಿವಾಲಯದ ಯಾವ ಹುದ್ದೆಗೆ, ಯಾವ ದಿನಾಂಕದ ಯುಪಿಎಸ್‌ಸಿ ಅಧಿಸೂಚನೆಯಡಿ ಈ ತಯಾರಿ? ಸೇವೆಯಲ್ಲಿರುವ ಸೇನಾಧಿಕಾರಿ ಅದಕ್ಕೆ ಅರ್ಹ ಎಂದು ಆ ಅಧಿಸೂಚನೆಯ ಯಾವ ಪ್ಯಾರಾದಲ್ಲಿದೆ? ಉತ್ತರವನ್ನು ಬರವಣಿಗೆಯಲ್ಲಿ ಕೊಡುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅವರು ಮಗನ ಸೇವಾ ವಿವರಗಳ ಪ್ರತಿ ಕೇಳಿದ್ದರೆ ಅದನ್ನಂತೂ ಕೊಡಲೇಬೇಡಿ, ಈಗಾಗಲೇ ಕೊಟ್ಟಿದ್ದರೆ ಮಗನಿಗೆ ಇಂದೇ ತಿಳಿಸಿ, ಅವರು ತಮ್ಮ ಘಟಕಕ್ಕೆ ವರದಿ ಮಾಡಿಕೊಳ್ಳುತ್ತಾರೆ.